ಹಳೆಯ ಮೋಟಾರ್‌ಹೋಮ್ ಕೊಳ್ಳುವಾಗ ಮೊದಲು ಗೋಡೆ ಮುಟ್ಟಿ ನೋಡಿ

ನಮ್ಮೂರ ಕಡೆ ಹಳೆಯ ಗಾಡಿ ಕೊಳ್ಳುವವರ ಮೊದಲ ಪ್ರಶ್ನೆ ಒಂದೇ: ಎಷ್ಟು ಓಡಿದೆ? "ಸಿಂಗಲ್ ಓನರ್, ಇಂಜಿನ್ ಬಿಚ್ಚಿಲ್ಲ" ಅಂದರೆ ಅರ್ಧ ವ್ಯಾಪಾರ ಮುಗಿದ ಹಾಗೆ. ಇಲ್ಲಿ ಇಂಗ್ಲೆಂಡಿನಲ್ಲಿ ಮಲಗಲು, ಅಡುಗೆ ಮಾಡಲು ಜಾಗವಿರುವ ಹಳೆಯ ಡೀಸೆಲ್ ಮೋಟಾರ್‌ಹೋಮ್ ಹುಡುಕುವ ಕನ್ನಡದ ಗೆಳೆಯರೂ ಇದನ್ನೇ ಕೇಳುತ್ತಾರೆ. ಹದಿನೈದು ವರ್ಷದ ಗಾಡಿ ಬರೀ 20,000 ಮೈಲಿ ಓಡಿದೆ ಎಂದು ಖುಷಿಪಡುತ್ತಾರೆ. ನನಗೆ ಅನುಮಾನ ಶುರುವಾಗುವುದೇ ಅಲ್ಲಿ. ಉಳಿದ ಕಾಲವೆಲ್ಲ ಅದು ಎಲ್ಲಿ ನಿಂತಿತ್ತು? ಮಳೆಯಲ್ಲೇ ಅಲ್ವಾ?

ಇಲ್ಲಿನ ಬಹಳಷ್ಟು ಮೋಟಾರ್‌ಹೋಮ್‌ಗಳ ಅಡಿಪಾಯ ಫಿಯಟ್ ಡುಕಾಟೊ ಅಥವಾ ಪ್ಯೂಜೊ ಬಾಕ್ಸರ್ ವ್ಯಾನ್. ಸರಿಯಾಗಿ ನೋಡಿಕೊಂಡ ಡೀಸೆಲ್ ಇಂಜಿನ್‌ಗೆ ಒಂದು ಲಕ್ಷ ಮೈಲಿ ದೊಡ್ಡದಲ್ಲ. ಮೊದಲು ಹಾಳಾಗುವುದು ವ್ಯಾನಿನ ಹಿಂಭಾಗದಲ್ಲಿ ಕಟ್ಟಿದ ಮನೆ. ಹಳೆಯ ಗಾಡಿಗಳಲ್ಲಿ ಸಾಮಾನ್ಯವಾಗಿ ಮರದ ಚೌಕಟ್ಟು, ಹೊರಗೆ ತೆಳು ಹಾಳೆ, ಸಂದುಗಳಿಗೆ ನೀರು ಇಳಿಯದಂತೆ ಸೀಲಂಟ್ ಎಂಬ ಅಂಟು. ಸೀಲಂಟ್ ಒಣಗಿ ಬಿರುಕು ಬಿಟ್ಟರೆ ನೀರು ಒಳಗೇ ಇಳಿಯುತ್ತದೆ. ಮಲೆನಾಡಿನಲ್ಲಿ ಹೆಂಚು ಸರಿದರೆ ನೀರು ಮಂಚದ ಮೇಲೆ ತೊಟ್ಟಿಕ್ಕಿ ಕೂಡಲೇ ಗೊತ್ತಾಗುತ್ತದೆ. ಇಲ್ಲಿ ಹಾಗಲ್ಲ. ಗೋಡೆಯಲ್ಲಿ ಕಲೆ ಕಾಣುವ ಹೊತ್ತಿಗೆ ಒಳಗಿನ ಮರ ಕೊಳೆತಿರಬಹುದು. ದುರಸ್ತಿಗೆ ಸಾವಿರಾರು ಪೌಂಡ್ ಬೇಕು.

ಈ ವಿಷಯದಲ್ಲಿ ಬ್ರಿಟಿಷರ ಪದ್ಧತಿ ನನಗೆ ತುಂಬಾ ಹಿಡಿಸಿದೆ. ವರ್ಷಕ್ಕೊಮ್ಮೆ ಹ್ಯಾಬಿಟೇಷನ್ ಚೆಕ್, ಅಂದರೆ ಮನೆಯ ಭಾಗದ ತಪಾಸಣೆ, ಮಾಡಿಸುತ್ತಾರೆ. ಗ್ಯಾಸ್, ವೈರಿಂಗ್ ನೋಡಿ, ಮೂಲೆ ಮೂಲೆಗೂ ಮೀಟರ್ ಒತ್ತಿ ತೇವ ಅಳೆದು ಬರೆದಿಡುತ್ತಾರೆ. ಶೇ. 15ರ ಒಳಗಿದ್ದರೆ ನೆಮ್ಮದಿ, 20 ದಾಟಿದರೆ ಕಾರಣ ಹುಡುಕಲೇಬೇಕು. ಆ ವರದಿಗಳನ್ನು ಕೇಳಿ ಪಡೆಯಿರಿ. ಬಾಗಿಲು ತೆಗೆದ ಕೂಡಲೇ ಮುಗ್ಗಲು ವಾಸನೆ ಬಂತಾ ನೋಡಿ. ಕಿಟಕಿಯ ಕೆಳಗೆ, ಕಪಾಟಿನ ಒಳಮೂಲೆಯಲ್ಲಿ ಹೆಬ್ಬೆರಳಿಂದ ಒತ್ತಿ. ಮೆತ್ತಗಿದ್ದರೆ ಬೆಲೆ ಎಷ್ಟೇ ಕಡಿಮೆ ಇರಲಿ, ನಾನಂತೂ ವಾಪಸ್ ಬರುತ್ತೇನೆ.

ಇನ್ನೊಂದು ಅನುಕೂಲವೂ ಇದೆ. ನಂಬರ್ ಪ್ಲೇಟ್ ಹಾಕಿದರೆ ಸರ್ಕಾರಿ ಜಾಲತಾಣದಲ್ಲಿ ಎಂಒಟಿ ಎಂಬ ಕಡ್ಡಾಯ ಗಾಡಿ ಪರೀಕ್ಷೆಗಳ ಚರಿತ್ರೆ ಪುಕ್ಕಟೆ ಸಿಗುತ್ತದೆ. ಪ್ರತಿ ಪರೀಕ್ಷೆಯಲ್ಲಿ ಎಷ್ಟು ಮೈಲಿ ಇತ್ತು, ಎಲ್ಲಿ ತುಕ್ಕು ಕಂಡಿತು, ಎಲ್ಲಾ ಅಲ್ಲಿರುತ್ತದೆ. ನಮ್ಮಲ್ಲಿ ಸ್ವಂತ ಕಾರಿಗೆ ಫಿಟ್‌ನೆಸ್ ಪರೀಕ್ಷೆ ಬರುವುದೇ ಹದಿನೈದು ವರ್ಷದ ನಂತರ. ಅಲ್ಲಿಯವರೆಗೆ ಬ್ರೋಕರ್ ಹೇಳಿದ್ದೇ ಲೆಕ್ಕ. ಇಂಥ ದಾಖಲೆ ನಮ್ಮ ರಾಜ್ಯದಲ್ಲೂ ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆದರೆ ಇಂಜಿನ್ ನೋಡುವುದರಲ್ಲಿ ನಮ್ಮ ಮೆಕ್ಯಾನಿಕ್‌ಗಳೇ ಮೇಲು. ಬಾನೆಟ್ ಮುಟ್ಟಿ, ತಣ್ಣಗಿದ್ದರೆ ಮಾತ್ರ ಸ್ಟಾರ್ಟ್ ಮಾಡಿಸುತ್ತಾರೆ. ಇಲ್ಲಿ ಎಷ್ಟೋ ಜನ ಕಾಗದ, ಕುಷನ್ ನೋಡಿಯೇ ಒಪ್ಪಿಬಿಡುತ್ತಾರೆ. ಇಂಜಿನ್ ಮೊದಲೇ ಬಿಸಿಯಾಗಿದ್ದರೆ ಸ್ಟಾರ್ಟಿಂಗ್ ತೊಂದರೆ ಗೊತ್ತಾಗುವುದಿಲ್ಲ, ಇನ್ನೊಂದು ದಿನ ಬರುತ್ತೇನೆ ಅನ್ನಿ. ನೀಲಿ ಹೊಗೆ ಬಿಡುತ್ತಲೇ ಇದ್ದರೆ ಆಯಿಲ್ ಉರಿಯುತ್ತಿದೆ ಎಂದೇ ಅರ್ಥ. ಟೈಮಿಂಗ್ ಬೆಲ್ಟ್ ಬದಲಾಯಿಸಿದ ಬಿಲ್ ಕೇಳಿ. ಮೈಲಿ ಕಡಿಮೆಯಾದರೂ ಬೆಲ್ಟ್‌ಗೆ ವಯಸ್ಸಾಗುತ್ತದೆ. ಟೈರ್‌ಗೂ ಅಷ್ಟೇ. ಅದರ ಮೇಲೆ 2318 ಅಂತಿದ್ದರೆ 2018ರ 23ನೇ ವಾರದ್ದು. ಮೇಲಿನ ಗೀರುಗಳು ಇನ್ನೂ ಆಳವಾಗಿದ್ದರೂ ಟೈರ್ ಹಳೆಯದೇ.

ಲಂಡನ್ ಸುತ್ತಮುತ್ತ ಇರುವವರು ಹೊಗೆಯ ಮಾನದಂಡವಾದ ಯೂರೋ 6ಕ್ಕೆ ಒಪ್ಪುವ ಇಂಜಿನ್ ಹೌದಾ ನೋಡಿಕೊಳ್ಳಿ. ಇಲ್ಲದಿದ್ದರೆ ಯುಲೆಜ್ ಎಂಬ ಲಂಡನ್ನಿನ ಕಡಿಮೆ ಹೊಗೆಯ ವಲಯದಲ್ಲಿ ಓಡಿಸುವ ದಿನಕ್ಕೆ 12.50 ಪೌಂಡ್ ಶುಲ್ಕ. 1997ರ ಜನವರಿ 1ರಿಂದ ಈಚೆಗೆ ಕಾರಿನ ಲೈಸೆನ್ಸ್ ಪಡೆದವರಿಗೆ ಗಾಡಿಯ ಒಟ್ಟು ತೂಕಕ್ಕೆ 3.5 ಟನ್ ಮಿತಿ ಇದೆ, ನಮ್ಮವರಲ್ಲಿ ಹೆಚ್ಚಿನವರು ಇದೇ ಗುಂಪು. ನೀರು, ಗ್ಯಾಸ್, ಸಾಮಾನು, ಮನೆಮಂದಿ ಎಲ್ಲಾ ಸೇರಿ ಎಷ್ಟಾಗುತ್ತದೆ ಎಂದು ಮುಂಗಡ ಕೊಡುವ ಮುಂಚೆಯೇ ಲೆಕ್ಕ ಹಾಕಿ.