ಸ್ಪಷ್ಟನೆ: ಬಾವುಟ ಬಿಚ್ಚಿದ ಮಾತ್ರಕ್ಕೆ ಚಂದ್ರ ಚೀನಾದ ಪಾಲಾಗಿಲ್ಲ

ಭೂಮಿಗೆ ಕಾಣದ ಚಂದ್ರನ ಆಚೆಬದಿಯಲ್ಲಿ ಬಾವುಟ ನೆಟ್ಟು ಚೀನಾ ಆ ಭಾಗವನ್ನು ತನ್ನದಾಗಿಸಿಕೊಂಡಿದೆ ಎಂಬ ಸಂದೇಶವೊಂದು ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. 2024ರ ಜೂನ್‌ನಲ್ಲಿ ಅಲ್ಲಿಗಿಳಿದ ಚೀನಾದ ಚಾಂಗ್ಎ-6 ನೌಕೆಯು, ಬಸಾಲ್ಟ್ ಶಿಲೆಯನ್ನು ಕರಗಿಸಿ ತೆಗೆದ ಎಳೆಗಳಿಂದ ತಯಾರಿಸಿದ ಪುಟ್ಟ ಬಾವುಟವನ್ನು ತನ್ನದೇ ಪಕ್ಕದ ತೋಳಿನಲ್ಲಿ ಬಿಚ್ಚಿ ತೋರಿಸಿತೇ ಹೊರತು ನೆಲದಲ್ಲಿ ನೆಡಲಿಲ್ಲ. ನೆಟ್ಟಿದ್ದರೂ ಹಕ್ಕು ಹುಟ್ಟುತ್ತಿರಲಿಲ್ಲ. ಏಕೆಂದರೆ ಆಕಾಶಕಾಯಗಳ ಮೇಲೆ ಯಾವ ದೇಶವೂ ಒಡೆತನ ಸಾಧಿಸುವಂತಿಲ್ಲ ಎಂದು 1967ರ ಬಾಹ್ಯಾಕಾಶ ಒಪ್ಪಂದದ ಎರಡನೆಯ ವಿಧಿ ಹೇಳುತ್ತದೆ ಮತ್ತು ಚೀನಾ 1983ರಲ್ಲಿಯೇ ಆ ಒಪ್ಪಂದಕ್ಕೆ ಸೇರಿದೆ. ಅಪೊಲೊ ಯಾತ್ರಿಗಳು ಆರು ಬಾವುಟ ನೆಟ್ಟು ಬಂದರೂ ಅಮೆರಿಕ ಚಂದ್ರನ ಮೇಲೆ ಹಕ್ಕು ಸಾರಲಿಲ್ಲವೆಂಬುದನ್ನು ಸಂದೇಶ ಬರೆದವರು ಮರೆತಂತಿದೆ. ಅದೇ ಚಾಂಗ್ಎ-6ರಲ್ಲಿ ಫ್ರಾನ್ಸ್ ಮತ್ತು ಇಟಲಿಯ ಉಪಕರಣಗಳೂ ಇದ್ದವು.

ಹಾಗೆಂದು ಆತಂಕವೆಲ್ಲ ನಿರಾಧಾರವೆಂದು ಹೇಳಲಾಗದು. ಅಗೆದು ತೆಗೆದ ಖನಿಜ ಯಾರದೆಂಬುದನ್ನು ಆ ಒಪ್ಪಂದ ಸ್ಪಷ್ಟವಾಗಿ ಹೇಳುವುದಿಲ್ಲ. ಈ ಸಡಿಲವನ್ನು ಮೊದಲು ಬಳಸಿಕೊಂಡದ್ದು ಚೀನಾ ಅಲ್ಲ, ಬಾಹ್ಯಾಕಾಶದಲ್ಲಿ ಅಗೆದು ತೆಗೆದ ಖನಿಜ ತೆಗೆದ ತನ್ನ ನಾಗರಿಕರಿಗೇ ಸೇರುತ್ತದೆ ಎನ್ನುವ 2015ರ ತನ್ನ ಕಾನೂನಿನ ಮೂಲಕ ಅಮೆರಿಕ. ನಿಜವಾಗಿ ಚಿಂತಿಸಬೇಕಾದದ್ದು ಉಪಗ್ರಹಗಳು ಭೂಮಿಯನ್ನು ಸುತ್ತುವ ಕಕ್ಷೆಗಳ ಬಗ್ಗೆ. 2007ರ ಜನವರಿಯಲ್ಲಿ ಚೀನಾ ಸುಮಾರು 860 ಕಿಲೋಮೀಟರ್ ಎತ್ತರದಲ್ಲಿದ್ದ ತನ್ನದೇ ಹಳೆಯ ಹವಾಮಾನ ಉಪಗ್ರಹವನ್ನು ಕ್ಷಿಪಣಿಯಿಂದ ಒಡೆದಾಗ, ಗುರುತಿಸಬಲ್ಲ ಗಾತ್ರದ ಮೂರು ಸಾವಿರಕ್ಕೂ ಹೆಚ್ಚು ಚೂರುಗಳು ಚದುರಿದವು. 2019ರಲ್ಲಿ ಭಾರತವೂ ಇಂಥ ಪರೀಕ್ಷೆ ನಡೆಸಿತಾದರೂ ಅದು ಸುಮಾರು 300 ಕಿಲೋಮೀಟರ್ ಎತ್ತರದಲ್ಲಿ ನಡೆದದ್ದರಿಂದ ಹೆಚ್ಚಿನ ಚೂರುಗಳು ಬೇಗನೆ ಕೆಳಗಿಳಿದು ಉರಿದುಹೋದವು. ಚೀನಾದ ಚೂರುಗಳಲ್ಲಿ ಬಹಳಷ್ಟು ಇಂದಿಗೂ ಸುತ್ತುತ್ತಿದ್ದು, ಬೇರೆ ಉಪಗ್ರಹಗಳಿಗೆ ಬಡಿಯುವ ಅಪಾಯ ಉಳಿದಿದೆ.