ಬೆಲ್ಲ ಕಣವ್ವ, ಸಕ್ರೆ ಅಲ್ಲ

ಈಗ ತಾನೆ ಪಾಂಡವಪುರದಿಂದ ವಾಪಸ್ ಬಂದೆ. ಚಿಕ್ಕಪ್ಪನ ಮಗನ ಗೃಹಪ್ರವೇಶ ಇತ್ತು. ಇನ್ನೂ ಸೀರೆ ಕೂಡ ಬದಲಾಯಿಸಿಲ್ಲ, ಹಂಗೇ ಕೂತು ಟೈಪ್ ಮಾಡ್ತಿದೀನಿ, ತಪ್ಪಿದ್ರೆ ಹೊಟ್ಟೆಗ್ ಹಾಕ್ಕೊಳಿ.

ನನಗೆ ಶುಗರ್ ಬಂದು ಎರಡು ತಿಂಗಳಾಯ್ತು ಅಂತ ನಿಮ್ಮಲ್ಲಿ ಸುಮಾರು ಜನಕ್ಕೆ ಗೊತ್ತು. ಖಾಲಿ ಹೊಟ್ಟೇಲಿ 168, ಊಟ ಆದ್ಮೇಲೆ 274, ಎಚ್‌ಬಿಎ1ಸಿ 8.4. ಖಾಲಿ ಹೊಟ್ಟೇಲಿ 126 ಮುಟ್ಟಿದ್ರೆ, ಮೂರು ತಿಂಗಳ ಶುಗರ್ ಸರಾಸರಿ ಕಥೆ ಹೇಳೋ ಆ ಎಚ್‌ಬಿಎ1ಸಿ 6.5 ಮುಟ್ಟಿದ್ರೆ ಶುಗರ್ ಅಂತ ಲೆಕ್ಕವಂತೆ. ಎಸ್ಸೆಸ್ಸೆಲ್ಸೀಲಿ ಬರದೇ ಇದ್ದ ಡಿಸ್ಟಿಂಕ್ಷನ್ನು ಇಲ್ಲಿ ಬಂತು.

ಸರಿ, ಇವತ್ತಿನ ವಿಷ್ಯ. ಎಲೆ ಮುಂದೆ ಕೂತಿದೀನಿ. ಬಡಿಸೋ ಹುಡುಗ ಮೈಸೂರ್ ಪಾಕ್ ತಂದ. ಪಕ್ಕದಲ್ಲಿದ್ದ ದೊಡ್ಡವ್ವ ನನ್ನ ಎಲೆ ಮೇಲೆ ಅಡ್ಡ ಕೈ ಇಟ್ಟು, "ಅವಳಿಗ್ ಹಾಕ್ಬ್ಯಾಡ ಕಣ್ಲಾ, ಅವಳಿಗೆ ಶುಗರ್ರು!" ಅಂತ ಆ ಕಡೆ ಪಂಕ್ತೀಲಿ ಕೂತಿದ್ದ ಬೀಗರಿಗೂ ಕೇಳೋ ಹಂಗೆ ಕೂಗಿದ್ರು. ನಲವತ್ತು ಜನ ಒಂದೇ ಸಲ ನನ್ನ ಎಲೆ ನೋಡಿದ್ರು. ಆಯ್ತಪ್ಪ, ಕಾಳಜಿ ಅಂದ್ಕೊಂಡೆ. ಎರಡು ನಿಮಿಷ ಆಗಿಲ್ಲ, ಒಬ್ಬಟ್ಟು ಬಂತು. ಅದೇ ದೊಡ್ಡವ್ವ, ಅದೇ ಕೈ, ತಾವೇ ಎರಡು ಎತ್ತಿ ನನ್ನ ಎಲೆಗೆ ಹಾಕಿ ಮೇಲೆ ತುಪ್ಪ ಸುರಿಸಿದ್ರು. ಬೇಡ ಅಂದ್ರೆ, "ಬೆಲ್ಲ ಕಣವ್ವ, ಸಕ್ರೆ ಅಲ್ಲ, ತಿನ್ನು, ಏನೂ ಆಗಕಿಲ್ಲ."

ಇದು, ಇದೇ ನನ್ನ ತಲೆ ಕೆಡ್ಸಿರೋದು. ನಮ್ಮ ಮಂಡ್ಯ ಸೀಮೇಲಿ ದೇವ್ರನ್ನ ಬೈದ್ರೂ ಸಹಿಸ್ಕೊತಾರೆ, ಬೆಲ್ಲದ ಬಗ್ಗೆ ಒಂದು ಮಾತು ಆಡಂಗಿಲ್ಲ. ಬೆಲ್ಲಾನೂ ಕಬ್ಬಿನ ಹಾಲೇ, ಸಕ್ಕರೇನೂ ಕಬ್ಬಿನ ಹಾಲೇ. 1933ರಿಂದ ಮೈಶುಗರ್ ಸಕ್ಕರೆ ಫ್ಯಾಕ್ಟ್ರಿ ಇರೋ ಊರಿನ ಜನಕ್ಕೆ, ಮನೆಗೊಂದು ಕಬ್ಬಿನ ಗದ್ದೆ ಇರೋ ಜನಕ್ಕೆ ಇದನ್ನ ನಾನು ಹೇಳ್ಕೊಡ್ಬೇಕಾ? ಕೊಪ್ಪರಿಗೇಲಿ ಕಾಯಿಸಿ ಅಚ್ಚಿಗೆ ಹುಯ್ದ ತಕ್ಷಣ ಅದು ಔಷಧಿ ಆಗ್ಬಿಡುತ್ತಾ? ಹೊಟ್ಟೆ ಒಳಗೆ ಹೋದ್ಮೇಲೆ ಎರಡೂ ಒಂದೇ ಗ್ಲುಕೋಸು, ರಕ್ತಕ್ಕೆ ಬಣ್ಣ ಕಾಣಲ್ಲ.

ಬೆಲ್ಲದಲ್ಲಿ ಕಬ್ಬಿಣದಂಶ ಇದೆ, ಸಕ್ಕರೇಲಿ ಅದೂ ಇಲ್ಲ ಅಂತ ಕಾಮೆಂಟ್ ಹಾಕಕ್ಕೆ ಬೆರಳು ತುರಿಸ್ತಿರೋರಿಗೆ: ಇದೆ, ಒಪ್ಕೊಂಡೆ. ಚೂರು ಇದೆ. ಆ ಚೂರಿಗೋಸ್ಕರ ಶುಗರ್ ಇರೋಳು ಅಚ್ಚುಗಟ್ಟಲೆ ಬೆಲ್ಲ ತಿನ್ನೋ ಬದ್ಲು ಒಂದು ಹಿಡಿ ನುಗ್ಗೆಸೊಪ್ಪು ತಿಂದ್ರೆ ಆಗಲ್ವಾ? ಇನ್ನು "ಆರ್ಗ್ಯಾನಿಕ್ ಬೆಲ್ಲ" ಅನ್ನೋರೇ, ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ತೆಗೀತಿದ್ದ ಕಾಲ ನಾನೂ ನೋಡಿದೀನಿ, ಈಗ ಬಣ್ಣ ಬರ್ಲಿ ಅಂತ ಹೈಡ್ರೋಸ್ ಅನ್ನೋ ಕೆಮಿಕಲ್ಲು ಹಾಕೋದೂ ಗೊತ್ತು, ಸಕ್ಕರೆ ಮೂಟೆ ಸುರಿದು ಬೆಲ್ಲ ಮಾಡೋದೂ ಗೊತ್ತು. ಹೌದು, ಸಕ್ಕರೆ ಸುರಿದು ಮಾಡಿದ ಬೆಲ್ಲ, "ಸಕ್ರೆ ಅಲ್ಲ" ಅಂತ ನನ್ನ ಎಲೆಗೆ.

ನಮ್ದೇ ಆಲೆಮನೆ ಇತ್ತಲ್ಲ, ಅದಕ್ಕೇ ಇಷ್ಟು ಉರಿ. ಅಪ್ಪ ನೀರಲ್ಲಿ ಬೆರಳದ್ದಿ ಪಾಕ ನೋಡಿ ಹದ ಹೇಳ್ತಿದ್ರು. ಅವ್ರಿಗೂ ಶುಗರ್ ಇತ್ತು. ಮಾತ್ರೆ ತಿಂದ್ರೆ ಕಿಡ್ನಿ ಹೋಗುತ್ತೆ ಅಂತ ಯಾರೋ ಪುಣ್ಯಾತ್ಮ ಹೇಳಿದ್ದಕ್ಕೆ ಮಾತ್ರೆ ಬಿಟ್ಟು, ಕಾಫಿಗೆ ಬೆಲ್ಲ ಹಾಕ್ಕೊಂಡು ಆರಾಮಾಗಿದ್ರು. ಒಂದಿನ ಬಿಸಿ ಪಾಕ ಕಾಲ್ಬೆರಳ ಮೇಲೆ ಬಿದ್ದಿದೆ, ಗೊತ್ತೇ ಆಗಿಲ್ಲ. ಪಾದದ ನರಗಳು ಸ್ಪರ್ಶ ಕಳ್ಕೊಂಡಿದ್ವು. ಅಮ್ಮ ಕಾಲು ತೊಳೆಯುವಾಗ ವಾಸನೆ ಬಂದು ನೋಡಿದ್ರೆ ಕೀವು. ಆಸ್ಪತ್ರೇಲಿ ಎರಡು ಬೆರಳು ತೆಗೆದ್ರು. ಆಗ ಅಪ್ಪ ಡಾಕ್ಟ್ರ ಮುಂದೆ ಕೈ ಮುಗಿದು ಹೇಳಿದ್ದು ಇನ್ನೂ ಕಿವೀಲಿದೆ, "ನಾನು ಸಕ್ರೆ ಮುಟ್ದೋನೇ ಅಲ್ಲ ಬುದ್ಧಿ." ಸುಳ್ಳೇನಲ್ಲ. ನಿಜವಾಗ್ಲೂ ಮುಟ್ಟಿರಲಿಲ್ಲ.

ಇಷ್ಟೆಲ್ಲ ನೋಡಿದೋಳು ನಾನೇನು ಮಾಡ್ದೆ ಕೇಳಿ. ರಿಪೋರ್ಟ್ ಬಂದ ದಿನ ಅದನ್ನ ಮಡಚಿ ಬೀರುವಲ್ಲಿ ರೇಷ್ಮೆ ಸೀರೆ ಕೆಳಗೆ ಇಟ್ಟೆ. 19 ದಿನ ಮನೆಯವ್ರಿಗೂ ಹೇಳ್ಲಿಲ್ಲ. ದೇವರಾಜ ಮಾರ್ಕೆಟ್ ಹತ್ರ ಕಾಲು ಕೆಜಿ ಮೈಸೂರ್ ಪಾಕ್ ತಗೊಂಡು ಕುವೆಂಪುನಗರದ ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಒಬ್ಬಳೇ ಪೂರ್ತಿ ತಿಂದೆ, ಪೊಟ್ಟಣ ನೆಕ್ಕಿದ್ದೂ ಉಂಟು. ಯಾಕೆ ಅಂತ ಕೇಳ್ಬೇಡಿ. ಈಗ ದಿನಾ ಎರಡು ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆ, ಊಟದ ಜೊತೆ, ಮೊದಲ ವಾರ ಹೊಟ್ಟೆ ಕೆಟ್ಟು ಆಫೀಸಲ್ಲಿ ಪಟ್ಟ ಪಾಡು ಬೇರೇನೇ ಒಂದು ಪೋಸ್ಟು. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತು, ಅಲ್ಲೂ ಹಾಗಲಕಾಯಿ ಜ್ಯೂಸಿನ ಪ್ರಚಾರಕರು. ಮುದ್ದೆ ಎಷ್ಟು ಬೇಕಾದ್ರೂ ತಿನ್ನಿ ಅನ್ನೋರು ಇನ್ನೊಂದು ಪಾರ್ಟಿ, ರಾಗೀಲೂ ಪಿಷ್ಟ ಇದೆ ಸ್ವಾಮಿ, ನಂಗೀಗ ಒಂದೇ ಮುದ್ದೆ, ಸೊಪ್ಪಿನ ಬಸ್ಸಾರು ಜಾಸ್ತಿ. ದೇಶದಲ್ಲಿ 10 ಕೋಟಿಗೂ ಮೇಲೆ ಜನಕ್ಕೆ ಶುಗರ್ ಇದೆ ಅಂತ 2023ರಲ್ಲಿ ಐಸಿಎಂಆರ್ ಅಧ್ಯಯನ ಬಂತಲ್ಲ, ಅಷ್ಟೂ ಜನರ ಪಕ್ಕದಲ್ಲಿ ಒಬ್ಬೊಬ್ರು ದೊಡ್ಡವ್ವ ಕೂತಿದಾರೆ ಅಂತ ನನ್ನ ಅನುಮಾನ.

ಒಬ್ಬಟ್ಟು ತಿಂದ್ಯಾ ಅಂತೀರಾ? ತಿಂದೆ. ಎರಡೂ. ನಲವತ್ತು ಜನ ನೋಡ್ತಿದ್ರು, ಎಲೇಲಿ ಬಿಟ್ಟು ಏಳಕ್ಕಾಗ್ಲಿಲ್ಲ, ಚೆನ್ನಾಗೂ ಇತ್ತು. ಮನೆಗೆ ಬಂದು ಬೆರಳು ಚುಚ್ಚಿ ನೋಡಿದ್ರೆ 287. ಬೇಳೆ, ಮೈದಾ, ಅನ್ನ ಎಲ್ಲದರ ಪಾಲೂ ಇದೆ ಅದ್ರಲ್ಲಿ, ಬೆಲ್ಲದ ಮೇಲೊಂದೇ ಗೂಬೆ ಕೂರಿಸಲ್ಲ. ಆದ್ರೂ ತಡೀಲಾರ್ದೆ ದೊಡ್ಡವ್ವಂಗೆ ಫೋನ್ ಮಾಡಿ ನಂಬರ್ ಹೇಳ್ದೆ. ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ, "ಮಿಷನ್ನು ಕೆಟ್ಟೋಗಿರ್ಬೇಕು ನೋಡವ್ವ" ಅಂದ್ರು.

ಬರುವಾಗ ಬ್ಯಾಗಿಗೆ ಎರಡು ಕೆಜಿ ಕುರಿಕಾಲಚ್ಚು ಬೆಲ್ಲಾನೂ ತುರುಕಿ ಕಳ್ಸಿದಾರೆ. ಡೈನಿಂಗ್ ಟೇಬಲ್ ಮೇಲಿದೆ, ಆಗ್ಲೇ ಇರುವೆ ಸಾಲು ಹಿಡಿದಿದೆ. ಕುವೆಂಪುನಗರದ ಕಡೆ ಯಾರಿಗಾದ್ರೂ ಬೇಕಿದ್ರೆ ರಾತ್ರಿ ಒಳಗೆ ಬಂದು ತಗೊಂಡೋಗಿ. ರಿಪೋರ್ಟ್ ತೋರಿಸಿದ್ರೆ ಮಾತ್ರ ಕೊಡೋದು.