ಮೂರು ಚೀಲ, ಒಂದೇ ಮುಹೂರ್ತ

ದಾವಣಗೆರೆಯ ಯಾವುದೇ ಕಲ್ಯಾಣ ಮಂಟಪದ ಬಾಗಿಲಲ್ಲಿ ನನಗೆ ಸಿಗುವ ಮರ್ಯಾದೆಗೂ ನನ್ನ ಗುಣಕ್ಕೂ ಏನೂ ಸಂಬಂಧವಿಲ್ಲ. ಆ ಹೊತ್ತು ನನ್ನ ಹೆಗಲಲ್ಲಿ ಯಾವ ಚೀಲವಿದೆ ಎಂಬುದೇ ಅದನ್ನು ನಿರ್ಧರಿಸುತ್ತದೆ. ಕ್ಯಾಮೆರಾ ಚೀಲವಿದ್ದರೆ ಹೆಣ್ಣಿನ ತಂದೆಯೇ ಎದುರು ಬಂದು, "ಬರ್ರಿ ಸರ್, ಮೊದ್ಲು ತಿಂಡಿ ಮಾಡ್ರಿ" ಎಂದು ಕೈ ಹಿಡಿದು ಕರೆದೊಯ್ಯುತ್ತಾರೆ. ಹಸಿದ ಫೋಟೋಗ್ರಾಫರನ ಕೈಯಲ್ಲಿ ತಮ್ಮ ಮುಖ ಹೇಗೆ ಬಂದೀತೋ ಎಂಬ ಅಳುಕು ಅವರಿಗೆ ಇದ್ದೇ ಇರುತ್ತದೆ. ಕೀಬೋರ್ಡಿನ ಉದ್ದನೆಯ ಚೀಲವಿದ್ದರೆ ಅದೇ ಹಿರಿಯರು, "ಆರ್ಕೆಸ್ಟ್ರಾದೋರು ಹಿಂದಿನ ಬಾಗ್ಲಿಂದ ಹೋಗ್ರಪ್ಪ" ಎಂದು ಬೆರಳು ತೋರಿಸುತ್ತಾರೆ, ನಮ್ಮ ಊಟ ಅಡುಗೆಯವರ ಊಟದ ಹಿಂದುಮುಂದು ಯಾವಾಗಲೋ ಆಗುತ್ತದೆ. ಯಾವ ಚೀಲವೂ ಇಲ್ಲದೆ, ಮುಯ್ಯಿಯ ಕವರು ಹಿಡಿದು ಬರಿಯ ನೆಂಟನಾಗಿ ಹೋದ ದಿನ, ಪಕ್ಕದ ಎಲೆಯವರು ಪಾಯಸದ ನಡುವೆ ತಿರುಗಿ, "ಮೆಕ್ಕೆಜೋಳ ಇವತ್ತು ಎಷ್ಟಕ್ಕೆ ಹೋಯ್ತು?" ಎಂದು ಕೇಳುತ್ತಾರೆ. ಏಕೆಂದರೆ ಹಗಲಿನಲ್ಲಿ ನಾನು ಎಪಿಎಂಸಿ ಯಾರ್ಡಿನ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತ.

ಅವ್ವನ ಪ್ರಕಾರ ನನಗಿರುವುದು ಅದೊಂದೇ ಕೆಲಸ. ಉಳಿದೆರಡನ್ನು ಅವಳು "ಹಾಡು ಗೀಡು, ಫೋಟೋ ಗೀಟೋ" ಎಂದು ಒಂದೇ ಉಸಿರಿನಲ್ಲಿ ಮುಗಿಸುತ್ತಾಳೆ. ಆರ್ಕೆಸ್ಟ್ರಾ ಮಾಲೀಕರಿಗೆ ನಾನು ಅಪ್ಪಟ ಕಲಾವಿದ, ಹೊಟ್ಟೆಪಾಡಿಗಾಗಿ ಮಂಡಿಯಲ್ಲಿ ಸಿಕ್ಕಿಬಿದ್ದವನು. ಸಾಹುಕಾರರಿಗೆ ನಾನು ಒಳ್ಳೆಯ ಗುಮಾಸ್ತ, ರಾತ್ರಿ ಮಾತ್ರ ಕೆಟ್ಟ ಸಹವಾಸಕ್ಕೆ ಹೋಗುವವನು. ಮೂವರೂ ಪ್ರೀತಿಯಿಂದಲೇ ನೋಡುತ್ತಾರೆ, ಆದರೆ ಪ್ರತಿಯೊಬ್ಬರೂ ಮಿಕ್ಕ ಎರಡು ಕೆಲಸಗಳನ್ನು ನಾನು ಬೇಗ ಬಿಟ್ಟುಬಿಡುತ್ತೇನೆಂಬ ಭರವಸೆಯಲ್ಲಿದ್ದಾರೆ.

ಹೊತ್ತು ಸಾಲದೆಂಬುದು ನನ್ನ ದೂರಲ್ಲ. ದೂರಿರುವುದು ಪಂಚಾಂಗದ ಮೇಲೆ. ದೀಪಾವಳಿ ಮುಗಿದು ತುಳಸಿ ಹಬ್ಬವೂ ಕಳೆಯಿತೆಂದರೆ ಮದುವೆಗಳು ಶುರುವಾಗುತ್ತವೆ. ಅದೇ ಹೊತ್ತಿಗೆ ಸುತ್ತಲ ಹಳ್ಳಿಗಳ ಹೊಸ ಮೆಕ್ಕೆಜೋಳ ಟ್ರ್ಯಾಕ್ಟರುಗಳಲ್ಲಿ ಯಾರ್ಡಿಗೆ ಬಂದು ಸುರಿಯುತ್ತದೆ. ಅದೇ ನವೆಂಬರಿನಲ್ಲಿ ಕನ್ನಡ ರಾಜ್ಯೋತ್ಸವವೂ ಬರುತ್ತದೆ. ಸರ್ಕಾರಕ್ಕೆ ರಾಜ್ಯೋತ್ಸವ 1ನೇ ತಾರೀಕಿಗೆ ಮುಗಿಯುವ ಹಬ್ಬ. ನಮ್ಮ ಊರಿನ ಬಡಾವಣೆಗಳಿಗೂ ಆಟೋ ನಿಲ್ದಾಣಗಳಿಗೂ ಅದು ತಿಂಗಳು ಪೂರ್ತಿ ಅನುಕೂಲ ನೋಡಿಕೊಂಡು ಮಾಡುವ ಹಬ್ಬವಾದ್ದರಿಂದ, ಆರ್ಕೆಸ್ಟ್ರಾಕ್ಕೆ ಬಿಡುವೆಂಬುದೇ ಇರುವುದಿಲ್ಲ. ಇದರ ನಡುವೆ ಜಿಎಸ್‌ಟಿಯವರ ಎರಡು ಗಡುವುಗಳಿವೆ: 11ಕ್ಕೆ ಮಾರಾಟದ ವಿವರ, 20ಕ್ಕೆ ತೆರಿಗೆ ಲೆಕ್ಕ ಒಪ್ಪಿಸುವ 3ಬಿ ನಮೂನೆ. ಯಾವ ಪುರೋಹಿತರು ಲೆಕ್ಕ ಹಾಕಿದರೂ ಒಳ್ಳೆಯ ಲಗ್ನ ಇವೆರಡರ ಆಸುಪಾಸಿನಲ್ಲೇ ಕೂಡಿಬರುವುದನ್ನು ನೋಡಿದರೆ, ಗುರುಬಲಕ್ಕೂ ಜಿಎಸ್‌ಟಿ ಪೋರ್ಟಲಿಗೂ ಒಳಸಂಬಂಧವಿದೆಯೆಂದೇ ನನ್ನ ಅನುಮಾನ. ಆಷಾಢ ಬಂತೋ, ಮೂರೂ ಕಡೆ ಒಟ್ಟಿಗೇ ಬಾಗಿಲು ಬೀಳುತ್ತದೆ. ಆಗ ಮೂವರೂ ಫೋನ್ ಮಾಡಿ, "ಈಗ ಆರಾಮ ಅದೀಯಲ್ಲ" ಎಂದು ವಿಚಾರಿಸಿಕೊಳ್ಳುತ್ತಾರೆ.

ರಾತ್ರಿ ಕಾರ್ಯಕ್ರಮ ಮುಗಿಸಿ, ಸ್ಪೀಕರುಗಳನ್ನು ಲಗೇಜ್ ಆಟೋಗೆ ಏರಿಸಿ, ಎಲ್ಲೋ ಒಂದು ಗಾಡಿಯ ಮುಂದೆ ನಿಂತು ಖಾರ ಮಂಡಕ್ಕಿ, ಮೆಣಸಿನಕಾಯಿ ತಿಂದು ಮನೆ ಸೇರುವಷ್ಟರಲ್ಲಿ ಹಾಲಿನವರು ಎದ್ದಿರುತ್ತಾರೆ. ಮರುದಿನದ ನಿದ್ದೆಗೆಟ್ಟ ಕೈ 4560 ಎಂಬುದನ್ನು 5460 ಎಂದು ಬರೆದರೆ ಆಶ್ಚರ್ಯವಿಲ್ಲ. ಆಶ್ಚರ್ಯವಿರುವುದು ನಮ್ಮ ಸಾಹುಕಾರರ ಪತ್ತೇದಾರಿಯಲ್ಲಿ. ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ 9ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ ಎಂಬುದು ಹಳೆಯ ಲೆಕ್ಕಿಗರೆಲ್ಲ ಬಲ್ಲ ಗುಟ್ಟು. ಸಂಜೆ ಲೆಕ್ಕ ಕೂಡದೆ ಹೋದಾಗ ಅವರು ಬಾಯಿಲೆಕ್ಕದಲ್ಲೇ 900ನ್ನು ಒಂಬತ್ತರಿಂದ ಭಾಗಿಸಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ರಾತ್ರಿ ಎಲ್ಲಿತ್ತು ಪ್ರೋಗ್ರಾಂ?" ಎಂದು ಕೇಳುತ್ತಾರೆ. ಅವರ ಮಟ್ಟಿಗೆ ಒಂಬತ್ತರಿಂದ ಭಾಗವಾಗುವ ತಪ್ಪು ಸಂಗೀತದ್ದು, ಭಾಗವಾಗದ ತಪ್ಪು ರೈತನ ಚೀಟಿಯದು.

ಮಂಡಿಯೂ ಸಂಗೀತಕ್ಕೆ ಒಮ್ಮೆ ಕೈ ಹಾಕಿದ್ದುಂಟು. ಮೆಕ್ಕೆಜೋಳವನ್ನು ಬೆಂಬಲ ಬೆಲೆಗೆ ಕೊಳ್ಳಬೇಕಾದರೆ ಅದರ ತೇವಾಂಶ ಶೇ 14ನ್ನು ಮೀರಬಾರದು. ಅದನ್ನು ಅಳೆಯುವ ಯಂತ್ರ ನಮ್ಮ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇರುತ್ತದೆ. ಗಣೇಶನ ಹಬ್ಬದ ಕಾರ್ಯಕ್ರಮವೊಂದರ ದಿನ ಬಿಡದೆ ಸೋನೆ ಹಿಡಿದು, ತಬಲದ ಚರ್ಮ ತೇವ ಹೀರಿ ಸಡಿಲಾಗಿ, ಎಷ್ಟು ಸುತ್ತಿಗೆ ಬಡಿದರೂ ಶ್ರುತಿ ನಿಲ್ಲದಾಯಿತು. ನಮ್ಮ ತಬಲದವನು ನೊಂದು, "ನಿಮ್ಮ ಜೋಳದ ಮೀಟರ್ ತಗೊಂಬಾರೋ ಮಾರಾಯ, ಇದಕ್ಕೆ ಬೆಂಬಲ ಬೆಲೆ ಆದ್ರೂ ಸಿಗ್ತದೇನೋ ನೋಡೋಣ" ಎಂದ. ಕೊನೆಗೆ ಅಡುಗೆಮನೆಯ ಒಲೆಯ ಹತ್ತಿರ ತಬಲವನ್ನು ಇಟ್ಟು ಕಾಯಿಸಬೇಕಾಯಿತು. ಬಜ್ಜಿಯ ವಾಸನೆ ಹಿಡಿದ ಆ ವಾದ್ಯದಿಂದ ಅಂದು ಹೊರಟ ನಾದ ಬಹಳ ಚೆನ್ನಾಗಿತ್ತು ಎಂಬುದನ್ನು ದಾಖಲಿಸಬೇಕು.

ಮೂರರಲ್ಲಿ ಯಾವುದಾದರೂ ಎರಡು ಒಂದೇ ದಿನಕ್ಕೆ ಬಂದರೆ ಹೇಗೋ ಸಂಭಾಳಿಸಬಹುದು, ಒಂದೇ ನಿಮಿಷಕ್ಕೆ ಬಂದರೆ ಕಷ್ಟ. ದೂರದ ಸಂಬಂಧಿಕರೊಬ್ಬರು ಮಗನ ಆರತಕ್ಷತೆಗೆ ಆರ್ಕೆಸ್ಟ್ರಾ ಗೊತ್ತುಮಾಡಿ, "ಹೆಂಗಿದ್ರೂ ಬಂದೇ ಬರ್ತಿ, ಕ್ಯಾಮೆರಾನೂ ಹಿಡ್ಕೊಂಡು ಬಾ" ಎಂದರು. ಆಡುವ ಬಾಯಿಗೆ ಇದು ಹಗುರ. ಗಾಯಕ ಭಾವಪರವಶನಾಗಿ ಪಲ್ಲವಿ ಮುಗಿಸುತ್ತಿದ್ದಾಗಲೇ ಕೆಳಗಿನಿಂದ ಸೋದರಮಾವ, "ಕೇಕ್ ಕಟ್ ಮಾಡ್ತಾ ಅದಾರೆ, ಫೋಟೋ!" ಎಂದು ಕೂಗಿದರು. ಈ ಕಾಲದ ಕೀಬೋರ್ಡುಗಳಿಗೆ ಒಂದು ವಿಧೇಯ ಗುಣವಿದೆ: ಎಡಗೈಯಿಂದ ಒಮ್ಮೆ ಒತ್ತಿದ ಸ್ವರಗುಚ್ಛವನ್ನು (ಕಾರ್ಡ್), ಇನ್ನೊಂದನ್ನು ಒತ್ತುವ ತನಕ, ತಾಳ ಮತ್ತು ಬೇಸ್ ಸಮೇತ ಅದು ತಾನಾಗಿಯೇ ನುಡಿಸುತ್ತಲೇ ಇರುತ್ತದೆ. ಅದನ್ನು ನಂಬಿ ವೇದಿಕೆಯಿಂದ ಇಳಿದೆ. ಆದರೆ ಕೇಕಿನ ಮೊದಲ ತುಂಡು ವರನಿಂದ ವಧುವಿಗೆ, ವಧುವಿನಿಂದ ವರನಿಗೆ, ಬಳಿಕ ಎರಡೂ ಕಡೆಯ ಚಿಕ್ಕಮ್ಮಂದಿರಿಗೆ ಹೋಗುವ ಹೊತ್ತಿಗೆ ಗಾಯಕ ಚರಣವನ್ನು ದಾಟಿದ್ದ. ರಾಗ ಮೂರು ಮನೆ ಬದಲಿಸಿದರೂ ವಾದ್ಯ ಮಾತ್ರ ಹಟ ಹಿಡಿದು ಪಲ್ಲವಿಯ ಮನೆಯಲ್ಲೇ ಕುಳಿತಿತ್ತು. ಗಾಯಕ ನನ್ನನ್ನು ನೋಡಿದ ನೋಟವನ್ನೂ ನಾನು ಫೋಟೋ ತೆಗೆದಿದ್ದೇನೆ, ಆಲ್ಬಮ್ಮಿಗೆ ಮಾತ್ರ ಹಾಕಲಿಲ್ಲ. ನನಗೆ ಈಗಲೂ ಚುಚ್ಚುವ ಸಂಗತಿ ಬೇರೆಯದು. ಆ ತುಂಬಿದ ಸಭೆಯಲ್ಲಿ ಒಬ್ಬರಿಗೂ ಏನೂ ವ್ಯತ್ಯಾಸ ತಿಳಿಯಲಿಲ್ಲ. ಬದಲಿಗೆ, "ಇವತ್ತು ಮ್ಯೂಸಿಕ್ ಒಂದೇ ಸಮ ಇತ್ತು ನೋಡ್ರಿ" ಎಂದು ಹಿರಿಯರೊಬ್ಬರು ಮೆಚ್ಚಿಕೊಂಡರು.

ಮಂಟಪಗಳ ವಿದ್ಯುತ್ತು ನನ್ನ ಎರಡೂ ಕಸುಬುಗಳ ಸಮಾನ ವೈರಿ. ನಮ್ಮ ಮನೆಗಳಿಗೆ ಬರುವ ಕರೆಂಟು ಸೆಕೆಂಡಿಗೆ 50 ಆವರ್ತನದ್ದು. ಅಗ್ಗದ ಎಲ್‌ಇಡಿ ದೀಪ ಅದರಿಂದಾಗಿ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಕಣ್ಣಿಗೆ ಅದು ಕಾಣದು, ಕ್ಯಾಮೆರಾಕ್ಕೆ ಕಾಣುತ್ತದೆ. ಶಟರಿನ ವೇಗವನ್ನು ಸೆಕೆಂಡಿನ 500ನೇ ಒಂದು ಭಾಗಕ್ಕೆ ಏರಿಸಿದರೆ ಮದುಮಗನ ಮುಖದ ಮೇಲೆ ಜೀಬ್ರಾದ ಹಾಗೆ ಅಡ್ಡಪಟ್ಟೆಗಳು ಮೂಡುತ್ತವೆ. ಪಟ್ಟೆ ಹೋಗಲೆಂದು 100ನೇ ಭಾಗಕ್ಕೆ ಇಳಿಸಿದರೆ ಕುಣಿಯುವ ತಮ್ಮಂದಿರೆಲ್ಲ ಮಸುಕಾಗುತ್ತಾರೆ. ಅದೇ 50 ಆವರ್ತನ, ಅರ್ತಿಂಗ್ ಸರಿಯಿಲ್ಲದ ಕಡೆ, ಸ್ಪೀಕರಿನೊಳಗೆ "ಹೂಂ" ಎಂದು ಗುಂಯ್‌ಗುಡುತ್ತದೆ. ಕೀಬೋರ್ಡಿನ ತಳದ ಜಿ ಸ್ವರ 49 ಆವರ್ತನದ್ದಾದ್ದರಿಂದ, ಹಾಡನ್ನು ಜಿ ಶ್ರುತಿಗೆ ತಂದುಕೊಂಡರೆ ಆ ಗುಂಯ್‌ಗಾಟ ಹೆಚ್ಚುಕಡಿಮೆ ತಂಬೂರಿಯಾಗಿ ಸೇರಿಕೊಳ್ಳುತ್ತದೆ. ಗಾಯಕಿಯ ಗಂಟಲಿಗೆ ಯಾವ ಶ್ರುತಿ ಒಗ್ಗುತ್ತದೆ ಎಂದು ಕೇಳುವ ಮೊದಲು ಮಂಟಪದ ವಯರಿಂಗಿಗೆ ಯಾವುದು ಒಗ್ಗುತ್ತದೆ ಎಂದು ಕಿವಿಗೊಟ್ಟು ಕೇಳುವ ಅಭ್ಯಾಸ ನನಗೆ ಹೀಗೆ ಬಂತು.

ಇತ್ತೀಚೆಗೆ ಮದುವೆಗೆ ಮುಂಚಿನ ಫೋಟೋಗಳ ಹುಚ್ಚು ಹೆಚ್ಚಾಗಿ, ಜೋಡಿಗಳನ್ನು ಬೆಳಗಿನ ಜಾವ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್ ದೂರದ ಚಿತ್ರದುರ್ಗದ ಕೋಟೆಗೆ ಕರೆದೊಯ್ಯಬೇಕಾಗುತ್ತದೆ. ಬಿಸಿಲೇರಿದ ಮೇಲೆ ಆ ಏಳು ಸುತ್ತಿನ ಕಲ್ಲು ಕಾದು, ಮದುಮಗಳ ಮುಖಕ್ಕೆ ಹಚ್ಚಿದ್ದೆಲ್ಲ ಕುತ್ತಿಗೆಗೆ ಇಳಿಯುತ್ತದೆ. ಸಂರಕ್ಷಿತ ಸ್ಮಾರಕವಾದ್ದರಿಂದ ಟ್ರೈಪಾಡಿಗೆ ಬೇರೆಯೇ ಅನುಮತಿ ಬೇಕು. ನನ್ನ ಮೊಣಕೈಗಳೇ ಟ್ರೈಪಾಡ್. ಎಲ್ಲ ಜೋಡಿಗಳಿಗೂ ಓಬವ್ವನ ಕಿಂಡಿಯ ಮುಂದೆ ನಿಲ್ಲುವ ಆಸೆ. ಕೈಗೆ ಕೊಡಲು ನನ್ನ ಚೀಲದಲ್ಲಿ ಒನಕೆಯಿಲ್ಲವೆಂದು ಒಬ್ಬ ವಧು ಛತ್ರಿಯನ್ನೇ ಎತ್ತಿ ಹಿಡಿದಳು. ಹಾಗಾದರೆ ಕಿಂಡಿಯಿಂದ ನುಸುಳಿ ಬರುವ ಹೈದರಾಲಿಯ ಸೈನಿಕ ಯಾರಾಗಬೇಕೆಂಬ ಪ್ರಶ್ನೆ ಎದ್ದು, ಹೊಸ ಶೆರ್ವಾನಿ ತೊಟ್ಟ ವರ ತಲೆ ತಗ್ಗಿಸಿ ತೆವಳಿ ಬಂದ. ಚಿತ್ರ ಸೊಗಸಾಗಿ ಬಂತು, ಸಂಸಾರದ ಮುನ್ನೋಟವಾಗಿಯೂ ಅದನ್ನು ಇಟ್ಟುಕೊಳ್ಳಬಹುದು. ನನಗಾದರೋ ಆ ಜಾಗಕ್ಕೆ ಹೋದಾಗಲೆಲ್ಲ ಓಬವ್ವನ ಗಂಡ, ಕಹಳೆಯ ಮುದ್ದಹನುಮನೇ ನೆನಪಾಗುತ್ತಾನೆ. ಊದುವುದು ಕಹಳೆ, ಸಂಬಳ ಕಾವಲಿನದು. ವೈರಿ ಬಂದದ್ದು ಅವನು ಉಣ್ಣಲು ಕುಳಿತಾಗ. ವಾದ್ಯದವರ ಊಟದ ಹೊತ್ತಿಗೇ ತುರ್ತು ಕೆಲಸ ಬೀಳುವ ಪದ್ಧತಿ ನಮ್ಮ ಜಿಲ್ಲೆಗಳಲ್ಲಿ ಅಷ್ಟು ಹಳೆಯದು.

ದುಡ್ಡಿನ ವಿಷಯ ಚಿಕ್ಕದು. ಸಂಬಳ ತಿಂಗಳಿಗೊಮ್ಮೆ ಬರುತ್ತದೆ. ಆರ್ಕೆಸ್ಟ್ರಾದ ಕವರು ರಾತ್ರಿಯೇ ಬರುತ್ತದೆ, ಮೊತ್ತ ಮಾತ್ರ ಬೆಳಗಾದ ಮೇಲೆ ತಿಳಿಯುತ್ತದೆ. ಆಲ್ಬಮ್ಮಿನ ಬಾಕಿಗೆ ಕಾಲಮಿತಿಯಿಲ್ಲ. ಯಾವ ಫೋಟೋ ಹಾಕಬೇಕೆಂದು ಆರಿಸಲು ದಂಪತಿಗಳು ತೆಗೆದುಕೊಳ್ಳುವ ಅವಧಿ ಎಷ್ಟೆಂದರೆ, "ನಾಮಕರಣದ್ದೂ ನಾಕು ಅದರಾಗೇ ಸೇರಿಸಿಬಿಡ್ರಿ" ಎಂದವರೂ ಇದ್ದಾರೆ.

ಆಷಾಢದಲ್ಲಿ ಈ ಮೂರೂ ಆದಾಯಗಳನ್ನು ಹೊತ್ತು ಪರಿಚಿತ ಆಡಿಟರರೊಬ್ಬರ ಬಳಿಗೆ ಹೋಗುತ್ತೇನೆ. ಸಂಬಳದ ಜೊತೆ ವೃತ್ತಿಯ ಗಳಿಕೆಯೂ ಇರುವವನಿಗೆ ಸರಳವಾದ ಐಟಿಆರ್ 1 ನಮೂನೆ ಸಿಗದು. ಉದ್ದನೆಯ ನಮೂನೆಯಲ್ಲಿ ಪ್ರತಿ ಕಸುಬಿಗೂ ಒಂದು ಸಂಕೇತ ಸಂಖ್ಯೆಯನ್ನು ಹುಡುಕಿ ಆರಿಸಬೇಕು. ಕಳೆದ ಬಾರಿ ಅವರು ಬಹಳ ಹೊತ್ತು ಪರದೆ ನೋಡಿ, ಮೇಲೆ ಕೆಳಗೆ ಸರಿಸಿ, ಕೊನೆಗೆ ಎಲ್ಲವನ್ನೂ ಪಕ್ಕಕ್ಕಿಟ್ಟು, "ನನ್ನ ಫೀಜು ಇರಲಿ ಬಿಡು, ಮಾರ್ಗಶಿರದಾಗೆ ಮಗಳ ಮದುವೆ ಐತೆ" ಎಂದರು. ಕೀಬೋರ್ಡಾ ಕ್ಯಾಮೆರಾವಾ ಎಂದು ಕೇಳಿದೆ. ಎರಡೂ ಎಂದರು. ಲಗ್ನ ಯಾವತ್ತು ಎಂದು ಕೇಳಿದೆ. ಅವರು ಗೋಡೆಯ ಕ್ಯಾಲೆಂಡರನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, "ಇಪ್ಪತ್ತಕ್ಕೇ ಬಂದೈತಪ್ಪ. ನನ್ನ ಕಕ್ಷಿದಾರರ 3ಬಿ ಒಂದಿಷ್ಟು ಉಳ್ಕಂಬಿಡ್ತವೆ, ಲ್ಯಾಪ್‌ಟಾಪೂ ತಂದುಬಿಡು. ಆರತಕ್ಷತೆ ಶುರುವಾಗೋದ್ರೊಳಗೆ ಹಾಕಿಬಿಟ್ರೆ ಆತು" ಎಂದರು.